ರಾತ್ರಿ ಪುಸ್ತಕ

ಅಂಕೋಲೆಯ ತಾಲೂಕು ಆಸ್ಪತ್ರೆ, ಎಡಗಡೆಯ ಕಿಟಕಿ.
ರಾತ್ರಿ ಎಂಟರಿಂದ ಬೆಳಗಿನ ಎಂಟರ ತನಕ
ಚೀಟಿ ಬರೆಯುವವನು ನಾನು, ಹನ್ನೊಂದು ವರ್ಷ.
ಹೆಸರು, ಊರು, ವಯಸ್ಸು, ಏನಾಗಿದೆ, ಎಷ್ಟೊತ್ತಿಗೆ ಬಂದರು.
ಯಾವಾಗಿನಿಂದ ಆಗಿದೆ ಎಂದು ಕೇಳುವ ಕಾಲಮ್ಮು
ಸರಕಾರ ಅಚ್ಚು ಹಾಕಿಸಿದ ಈ ಪುಸ್ತಕದಲ್ಲಿಲ್ಲ.
ಅಂಚಿನಲ್ಲಿ ನಾನೇ
ಪೆನ್ಸಿಲ್ಲಿನಿಂದ ಬರೆದಿಡುತ್ತೇನೆ.

ತುಳಸು ಹರಿಕಂತ್ರ, ಬೇಲೆಕೇರಿ, ಐವತ್ತೆರಡು.
ಹೆಬ್ಬೆರಳಿಗೆ ಮೀನುಮುಳ್ಳು. ಹತ್ತೂಕಾಲು.
ಪೆನ್ಸಿಲ್ಲಿನಲ್ಲಿ: ಒಂಬತ್ತು ದಿನ.
‘ಹಗಲು ತೋರಿಸಬಾರದಿತ್ತೇ?’
‘ಹಗಲು ಅಂದ್ರೆ ಯಾವಾಗ ಒಡೆಯಾ?’
ದೋಣಿ ಬರುವುದು ಆರಕ್ಕೆ, ಹರಾಜು ಏಳಕ್ಕೆ,
ಬುಟ್ಟಿ ಹೊತ್ತು ಟೆಂಪೊ ಹತ್ತಿ ಪೇಟೆಯಲ್ಲಿ ಕೂತರೆ ಒಂಬತ್ತು.
ಊರ ದವಾಖಾನೆಯಲ್ಲಿ ನಂಬರು ಹಂಚುವುದೂ ಒಂಬತ್ತಕ್ಕೇ,
ಮೂವತ್ತು ನಂಬರು, ಅರ್ಧ ತಾಸಿನಲ್ಲಿ ಖಾಲಿ.
ಮಧ್ಯಾಹ್ನದ ಮೇಲೆ ಹೋದರೆ ಕದ ತೆರೆದಿರುತ್ತದೆ,
ಫ್ಯಾನು ತಿರುಗುತ್ತಿರುತ್ತದೆ,
ಡಾಕ್ಟರು ಮೀಟಿಂಗಿಗೆ ಕಾರವಾರಕ್ಕೆ.
‘ಮೀನು ಕಾಯೂದಿಲ್ಲ ಒಡೆಯಾ, ಬೆರಳು ಕಾಯ್ತದೆ’
ಎಂದು ಸೆರಗಿನಿಂದ ಕೈ ಹೊರತೆಗೆದಳು.
ಕಾದ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

ಫೆಲ್ಸು ಫರ್ನಾಂಡಿಸ್, ಹಾರವಾಡ. ಸಕ್ಕರೆ ಗುಳಿಗೆ ತೀರಿದೆ.
ಹನ್ನೊಂದೂವರೆ ರಾತ್ರಿಗೆ, ಇಸ್ತ್ರಿ ಹಾಕಿದ ಅಂಗಿ ತೊಟ್ಟು.
‘ಇದು ತುರ್ತೇನ್ರೀ?’ ಎಂದು ರೇಗಿದರು ಹೊಸ ಡಾಕ್ಟರು.
ಹದಿನಾರು ದಿನದ ಹಿಂದೆ ಆಗಿರಲಿಲ್ಲ.

ಮುಂಚೆ ಹೀಗಿರಲಿಲ್ಲ ಎನ್ನುವವರಿದ್ದಾರೆ,
ವೆರ್ಣೇಕರ ಡಾಕ್ಟರ ಕಾಲ ಎತ್ತುತ್ತಾರೆ.
ನಂಬರಿಲ್ಲ, ಬೋರ್ಡಿಲ್ಲ, ಕಡೇ ಬಸ್ಸಿನವರೆಗೂ ಬಾಗಿಲು.
ನಿಜ. ನೆಗಡಿಗೂ ಸೂಜಿ ಚುಚ್ಚುತ್ತಿದ್ದರು,
ಒಂದಕ್ಷರ ಬರೆದಿಡುತ್ತಿರಲಿಲ್ಲ, ಅದೂ ನಿಜ.

ಹೋದ ವರ್ಷ ಆರು ತಿಂಗಳ ಮಟ್ಟಿಗೆ
ಝುಲೇಖಾ ಡಾಕ್ಟರು ಬಂದರು, ಭಟ್ಕಳದವರು, ಸಣ್ಣ ಪ್ರಾಯ.
ನಂಬರು ಹಂಚುವ ಹುಡುಗನ ಪಕ್ಕ ಒಂದು ಬೆಳಿಗ್ಗೆ ಸುಮ್ಮನೆ ನಿಂತು
ಬರುವವರನ್ನಲ್ಲ, ಬಾರದವರನ್ನು ಎಣಿಸಿದರಂತೆ.
ಹತ್ತು ನಂಬರು ಎತ್ತಿಟ್ಟು
ಗುರುವಾರ ಸಂಜೆ ಐದರಿಂದ ಎಂಟು ಕೂತರು,
ಬುಟ್ಟಿಗಳೊಂದಿಗೇ ಬನ್ನಿ ಎಂದರು.
ದವಾಖಾನೆ ಬಂಗಡೆ ನಾತ ಹೊಡೆಯುತ್ತದೆಂದು
ಯಾರೋ ಅರ್ಜಿ ಕೊಟ್ಟರು.

ನನಗೆ ಗೊತ್ತಾದದ್ದು ಇಲ್ಲಿ, ಈ ಕಿಟಕಿಯಲ್ಲಿ.
ಇಪ್ಪತ್ತು ಸಾಲು ತುಂಬುತ್ತಿದ್ದ ಗುರುವಾರದ ಪುಟ
ಏಳಕ್ಕೆ, ಎಂಟಕ್ಕೆ ನಿಂತುಬಿಡುತ್ತಿತ್ತು.
ಕೆಳಗಿನ ಬಿಳಿ ನೋಡುತ್ತ ಕೂತಿರುತ್ತಿದ್ದೆ.
ಅವರಿಗೆ ಹೇಳಬೇಕೆಂದಿದ್ದೆ, ಹೇಳಲಿಲ್ಲ.
ಅವರು ಎಂಟಕ್ಕೆ ಬಾಗಿಲು ಹಾಕುವಾಗ ನಾನು ಬಾಗಿಲು ತೆರೆಯುವವನು.

ಜೂನಿನಲ್ಲಿ ಅವರ ಗುತ್ತಿಗೆ ಮುಗಿಯಿತು.
ಆಗಸ್ಟಿಗೆ ದೋಣಿಗಳು ನೀರಿಗಿಳಿದವು, ಸಾಲುಗಳು ಮರಳಿದವು.
ಸಾಹೇಬರಿಗೆ ಪುಸ್ತಕ ತೋರಿಸಿದೆ, ಪೆನ್ಸಿಲ್ಲಿನ ಅಂಚು ಸಮೇತ.
‘ಹೌದಲ್ಲ, ರಾತ್ರಿ ಜನ ಹೆಚ್ಚಾಗಿದ್ದಾರೆ’ ಎಂದರು,
ಇನ್ನೆರಡು ಮಂಚ ಹಾಕಿಸಿದರು.
ಒಳ್ಳೆಯ ಮಂಚಗಳೇ.

ಎಲ್ಲವನ್ನೂ ಹಗಲಿನ ತಲೆಗೆ ಕಟ್ಟಲಾರೆ.
ಹೆದ್ದಾರಿಯಲ್ಲಿ ಎದೆ ಹಿಡಿದು ಇಳಿದ ಲಾರಿಯವನು,
ಬೊಗಳುವಂತೆ ಕೆಮ್ಮುತ್ತಿದ್ದ ಅವರ್ಸೆಯ ಕೂಸು,
ಅವರ ಅಂಚಿನಲ್ಲಿ ಬರೆದದ್ದು: ಈಗ.
ಕೆಲವು ಬೇನೆಗೆ ಕತ್ತಲೆಯೇ ಕಾರಣ,
ಸುತ್ತ ಎಲ್ಲರೂ ಮಲಗಿದ ಮೇಲೆ
ತನ್ನ ಎದೆಬಡಿತ ತನಗೇ ಕೇಳುತ್ತದೆ.

ಮೊನ್ನೆ ನಾಲ್ಕು ಗಂಟೆಗೆ, ಯಾರೂ ಇಲ್ಲದ ಹೊತ್ತು,
ಸಿಸ್ಟರ್ ಪ್ರಮೀಳಾ ಸುಮ್ಮನೆ ನನ್ನ ತೋಳಿಗೆ ಪಟ್ಟಿ ಸುತ್ತಿದರು.
ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು.
‘ನೂರಾ ಎಪ್ಪತ್ತೆಂಟು. ಹಗಲು ತೋರಿಸ್ಕೊಳ್ಳಿ ಗಣಪಯ್ಯ.’
‘ಹಗಲು ಮಲಗ್ತೇನೆ ಸಿಸ್ಟರ್.’
ಅವರು ನಗಲಿಲ್ಲ. ಪುಸ್ತಕ ನನ್ನ ಕಡೆಗೆ ತಿರುಗಿಸಿದರು.

ಗಣಪಯ್ಯ ಅಂಬಿಗ, ಅಂಕೋಲೆ, ನಲವತ್ತೊಂಬತ್ತು.
ಅಂಚಿನಲ್ಲಿ ಹನ್ನೊಂದು ವರ್ಷ ಎಂದು ಬರೆದೆ.
ಹೆಚ್ಚಾಯಿತು ಅನಿಸಿ
ಡ್ರಾವರಿನಲ್ಲಿ ರಬ್ಬರು ಹುಡುಕುತ್ತಿದ್ದೆ,
ಹೊರಗೆ ರಿಕ್ಷಾ ಬಂದು ನಿಂತಿತು.